ಮಾಸ್ಟರ್ ಪ್ಲ್ಯಾನ್ ಪರಿಷ್ಕರಣೆ: ಊರಿನ ರಸ್ತೆಗಳ ಬಗ್ಗೆ ಆಕ್ಷೇಪಣೆ, ಸಲಹೆ ಸಲ್ಲಿಸುವುದು ಹೇಗೆ?

"ನಮ್ಮನೆ ಮುಂದಿನ ರಸ್ತೆ ಎಷ್ಟು ಅಗಲ ಆಗ್ತದೆ? ಯಾರನ್ನ ಕೇಳಬೇಕು?" ಶಿರಸಿ, ಕಾರವಾರ, ಕುಮಟಾ ಕಡೆಯ ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಇದರ ಬೆನ್ನಿಗೇ ಇನ್ನೊಂದು ಬರುತ್ತದೆ, ಹೆಚ್ಚಾಗಿ ತಡವಾಗಿ: "ಮನೆ ಕಟ್ಟಲಿಕ್ಕೆ ಪರವಾನಗಿ ಕೇಳಿದರೆ ನಿಮ್ಮ ಜಾಗದಲ್ಲಿ ರಸ್ತೆ ಇದೆ ಅಂದರು. ಅಲ್ಲಿ ಹಲಸಿನ ಮರ ಬಿಟ್ಟರೆ ಏನೂ ಇಲ್ಲವಲ್ಲ!"

ಜಾಗದಲ್ಲಿ ರಸ್ತೆ ಇಲ್ಲ, ನಕ್ಷೆಯಲ್ಲಿ ಗೆರೆ ಇದೆ. ಡಾಂಬರು ಬೀಳುವುದು ಹತ್ತು ವರ್ಷ ಬಿಟ್ಟಿರಬಹುದು, ಬೀಳದೆಯೂ ಇರಬಹುದು. ಪರವಾನಗಿ ಕೊಡುವವರು ನೋಡುವುದು ಮಾತ್ರ ಆ ಗೆರೆಯನ್ನೇ. ಗೆರೆ ಎಳೆಯುವ ಮೊದಲು ಮತ್ತು ಎಳೆದ ಹೊಸತರಲ್ಲಿ ಮಾತಾಡಲು ನಮಗೆ ಕಾನೂನೇ ಅವಕಾಶ ಕೊಟ್ಟಿದೆ. ಅದನ್ನು ಬಳಸಿಕೊಳ್ಳುವ ಬಗೆಯನ್ನು ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ.

ಮೊದಲು ಕೆಲವು ಪದಗಳು

ಬೆಂಗಳೂರಿನಂಥ ನಗರಕ್ಕೆ ಪ್ರತ್ಯೇಕವಾದ ಸಮಗ್ರ ಸಂಚಾರ ಯೋಜನೆ ಇರುತ್ತದೆ. ನಮ್ಮ ಬದಿಯ ಊರುಗಳ ಮಟ್ಟಿಗೆ ಮುಂದಿನ ಹತ್ತಿಪ್ಪತ್ತು ವರ್ಷಗಳ ರಸ್ತೆ ಲೆಕ್ಕಾಚಾರವೆಲ್ಲ ಮಾಸ್ಟರ್ ಪ್ಲ್ಯಾನ್, ಅಂದರೆ ಮಹಾ ಯೋಜನೆಯ ಒಳಗೇ ಬರುತ್ತದೆ. ಇದಕ್ಕೆ ಆಧಾರ 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ. ಕನಿಷ್ಠ 10 ವರ್ಷಕ್ಕೊಮ್ಮೆ ಹೊಸ ಸಮೀಕ್ಷೆ ಮಾಡಿ ಯೋಜನೆಯನ್ನು ಪರಿಷ್ಕರಿಸಬೇಕು ಎನ್ನುತ್ತದೆ ಅದರ ಕಲಂ 13-ಡಿ.

ಸ್ಥಳೀಯ ಯೋಜನಾ ಪ್ರದೇಶ: ಯೋಜನೆ ಅನ್ವಯಿಸುವ ಗಡಿ. ಇದು ನಗರಸಭೆಯ ಗಡಿಗಿಂತ ದೊಡ್ಡದು, ಸುತ್ತಲಿನ ಹಳ್ಳಿಗಳೂ ಇದರಲ್ಲಿ ಸೇರಿರುತ್ತವೆ. "ನಾವು ಪಂಚಾಯಿತಿಯವರು, ನಮಗೇನು ಸಂಬಂಧ" ಎಂದು ಸುಮ್ಮನಿದ್ದವರ ತೋಟದ ಪಕ್ಕದಲ್ಲೇ ಬೈಪಾಸ್ ಹಾಯುವುದು.

ಯೋಜನಾ ಪ್ರಾಧಿಕಾರ: ಯೋಜನೆ ತಯಾರಿಸುವ ಕಚೇರಿ. ಕಾರವಾರದಲ್ಲಿ ಇದು ನಗರಾಭಿವೃದ್ಧಿ ಪ್ರಾಧಿಕಾರ. ಬೇರೆ ಊರಿನವರು ನಗರಸಭೆ ಅಥವಾ ಪುರಸಭೆಯಲ್ಲಿ "ನಮ್ಮ ಯೋಜನಾ ಪ್ರಾಧಿಕಾರ ಎಲ್ಲಿ ಕೂರುತ್ತದೆ" ಎಂದು ಕೇಳಿದರೆ ಸಾಕು.

ರಸ್ತೆಯ ಹಕ್ಕಿನ ಅಗಲ: ಕಚೇರಿಯಲ್ಲಿ ರೈಟ್ ಆಫ್ ವೇ ಎನ್ನುತ್ತಾರೆ. ಡಾಂಬರಿನ ಅಗಲ ಬೇರೆ, ಇದು ಬೇರೆ. ಗಟಾರ, ಕಾಲುದಾರಿ, ಕರೆಂಟು ಕಂಬದ ಜಾಗ ಎಲ್ಲ ಇದರೊಳಗೆ ಬರುತ್ತವೆ. "18 ಮೀಟರ್ ರಸ್ತೆ" ಎಂದು ಬರೆದಿದ್ದರೆ ಈ ಕಾಂಪೌಂಡಿನಿಂದ ಆ ಕಾಂಪೌಂಡಿಗೆ 18 ಮೀಟರ್ ಎಂದು ಅರ್ಥ.

ಕಟ್ಟಡ ರೇಖೆ: ರಸ್ತೆಯ ಅಂಚಿನಿಂದ ಇಷ್ಟು ಬಿಟ್ಟು ಒಳಗೆ ಕಟ್ಟಬೇಕು ಎಂಬ ಗೆರೆ. ರಸ್ತೆಗೆ ಹೋಗುವ ಜಾಗಕ್ಕಿಂತ ಆಚೆ ಇದೊಂದು ಇದೆ ಎನ್ನುವುದು ಹಲವರಿಗೆ ತಲೆಗೇ ಬರುವುದಿಲ್ಲ.

ಹಂತ 1: ಯೋಜನೆ ಯಾವ ಘಟ್ಟದಲ್ಲಿದೆ ಎಂದು ತಿಳಿಯಿರಿ

ಪರಿಷ್ಕರಣೆಯ ದಾರಿ ಹೀಗಿದೆ. ಮೊದಲು ಯೋಜನೆ ತಯಾರಿಸುವ ಉದ್ದೇಶದ ಘೋಷಣೆ. ಆಮೇಲೆ ಸಮೀಕ್ಷೆ, ಹಾಲಿ ಭೂಬಳಕೆಯ ನಕ್ಷೆ. ನಂತರ ಕರಡು ಸರ್ಕಾರಕ್ಕೆ ಹೋಗಿ ತಾತ್ಕಾಲಿಕ ಅನುಮೋದನೆ ಪಡೆದು ಬರುತ್ತದೆ. ಬಂದ ಮೇಲೆ ಪ್ರಕಟಣೆ, ಸಾರ್ವಜನಿಕರಿಂದ ಆಕ್ಷೇಪಣೆ ಮತ್ತು ಸಲಹೆ. ಪ್ರಾಧಿಕಾರ ಅವನ್ನು ಪರಿಶೀಲಿಸಿ ತನ್ನ ಶಿಫಾರಸಿನ ಜೊತೆ ಮತ್ತೆ ಕಳಿಸುತ್ತದೆ, ಸರ್ಕಾರ ಅಂತಿಮ ಒಪ್ಪಿಗೆ ಕೊಡುತ್ತದೆ.

ಆಕ್ಷೇಪಣೆಗೆ ಸಾಮಾನ್ಯವಾಗಿ ಸಿಗುವುದು ಪ್ರಕಟಣೆಯ ದಿನದಿಂದ 60 ದಿನ. ಪ್ರಕಟಣೆಯಲ್ಲಿ ಅಚ್ಚಾದ ಕೊನೆಯ ದಿನಾಂಕವನ್ನೇ ನಂಬಿ, ಪಕ್ಕದ ಮನೆಯವರ ಲೆಕ್ಕವನ್ನಲ್ಲ.

ನನ್ನ ಅಭಿಪ್ರಾಯ ಕೇಳಿದರೆ, ಆ 60 ದಿನಗಳಿಗಿಂತ ಬೆಲೆಯುಳ್ಳದ್ದು ಅದಕ್ಕೂ ಮುಂಚಿನ ಸಮೀಕ್ಷೆಯ ಕಾಲ. ನಕ್ಷೆಯ ಮೇಲಿನ್ನೂ ಗೆರೆ ಇರುವುದಿಲ್ಲ, ಹೇಳಿದ್ದನ್ನು ಕೇಳಲು ಎಂಜಿನಿಯರುಗಳಿಗೂ ಪುರುಸೊತ್ತಿರುತ್ತದೆ. ಗೆರೆ ಎಳೆದು ಸರ್ಕಾರದಿಂದ ಒಮ್ಮೆ ಹೌದೆನಿಸಿಕೊಂಡು ಬಂದ ಮೇಲೆ ಅಳಿಸುವುದು ಕಷ್ಟ. ಹಾಗಾಗಿ ಉದ್ದೇಶದ ಘೋಷಣೆ ಕಂಡ ಕೂಡಲೇ ಒಂದು ಪತ್ರ ಕೊಟ್ಟುಬಿಡಿ, ಕರಡು ಬಂದಾಗ ಮತ್ತೊಂದು ಕೊಡಿ.

ಪ್ರಕಟಣೆ ಪತ್ರಿಕೆಯ ಒಳಪುಟದಲ್ಲಿ ಟೆಂಡರುಗಳ ನಡುವೆ ಸಣ್ಣಕ್ಷರದಲ್ಲಿ ಬರುತ್ತದೆ. ತಿಂಗಳಿಗೊಮ್ಮೆ ಪ್ರಾಧಿಕಾರದ ಸೂಚನಾ ಫಲಕ ನೋಡುವ ಕೆಲಸವನ್ನು ಕೇರಿಯ ಒಬ್ಬರು ವಹಿಸಿಕೊಂಡರೆ ಉಳಿದವರು ಹಾಯಾಗಿರಬಹುದು.

ಹಂತ 2: ನಕ್ಷೆ ತರಿಸಿಕೊಳ್ಳಿ, ಅಳೆಯುವುದನ್ನು ಕಲಿಯಿರಿ

ಎರಡು ನಕ್ಷೆ ಬೇಕು, ಹಾಲಿ ಭೂಬಳಕೆಯದು ಮತ್ತು ಉದ್ದೇಶಿತ ಭೂಬಳಕೆಯದು. ಜೊತೆಗೆ ವರದಿಯ ಸಂಚಾರ ಅಧ್ಯಾಯ ಮತ್ತು ವಲಯ ನಿಯಮಾವಳಿ, ಅಂದರೆ ಯಾವ ಜಾಗದಲ್ಲಿ ಏನು ಕಟ್ಟಬಹುದು ಎಂಬ ನಿಯಮಗಳು. ಕೇಳಿದರೆ ಶುಲ್ಕ ತೆಗೆದುಕೊಂಡು ಕೊಡುತ್ತಾರೆ. ಕೊಡದಿದ್ದರೆ ಮಾಹಿತಿ ಹಕ್ಕು ಅರ್ಜಿ ಹಾಕಿ: 10 ರೂಪಾಯಿ, 30 ದಿನ. 60 ದಿನಗಳ ಅವಧಿಯಲ್ಲಿ 30 ದಿನ ಇದಕ್ಕೇ ಹೋಗಬಾರದಲ್ಲ, ಆದ್ದರಿಂದ ಮೊದಲ ವಾರದಲ್ಲೇ ಹಾಕಿ.

ಮುಗ್ಗರಿಸುವುದು ಅಳತೆಯ ಹತ್ತಿರ. 1:10,000 ಪ್ರಮಾಣದ ನಕ್ಷೆಯಲ್ಲಿ 1 ಮಿಲಿಮೀಟರ್ ಅಂದರೆ ನೆಲದ ಮೇಲೆ 10 ಮೀಟರ್. ಬಾಲ್‌ಪೆನ್ನಿನ ಗೆರೆ ಅರ್ಧ ಮಿಲಿಮೀಟರ್ ದಪ್ಪ ಇದೆ ಎಂದಿಟ್ಟುಕೊಳ್ಳಿ. ಆ ಗೆರೆಯ ದಪ್ಪದಲ್ಲೇ 5 ಮೀಟರ್ ಹೋಯಿತು, ನಿಮ್ಮ ಜಗಲಿ, ತುಳಸಿಕಟ್ಟೆ ಎರಡೂ ಅದರಡಿ ಸೇರಿದವು. "ನಕ್ಷೆಯಲ್ಲಿ ನಮ್ಮನೆ ತಪ್ಪಿದೆ" ಎಂದಾಗಲಿ "ಸಿಕ್ಕಿದೆ" ಎಂದಾಗಲಿ ಕಣ್ಣಳತೆಯಲ್ಲಿ ತೀರ್ಮಾನಿಸಬೇಡಿ. ಜೆರಾಕ್ಸ್ ಅಂಗಡಿಯಲ್ಲಿ ದೊಡ್ಡ ನಕ್ಷೆಯನ್ನು ಚಿಕ್ಕ ಹಾಳೆಗೆ ಇಳಿಸಿದರೆ ಪ್ರಮಾಣವೂ ಕೆಟ್ಟಿತು. ಆಗ ಮೂಲೆಯಲ್ಲಿರುವ ಅಳತೆಪಟ್ಟಿಯಿಂದ ಮಾತ್ರ ಲೆಕ್ಕ ಹಾಕಬೇಕು. ಆ ಪಟ್ಟಿ ನಕಲಿನಲ್ಲಿ ಬಂದಿದೆಯೇ ಎಂದು ಅಂಗಡಿಯಲ್ಲೇ ನೋಡಿಕೊಳ್ಳಿ.

ನಿಮ್ಮ ಜಾಗ ಗುರುತಿಸಲು ಪಹಣಿಯ ಸರ್ವೆ ನಂಬರ್, ಹಿಸ್ಸಾ ನಂಬರ್ ಬೇಕು. ಪೇಟೆಯೊಳಗಿನವರಿಗೆ ಸಿಟಿ ಸರ್ವೆ ನಂಬರ್. ಸ್ಥಳದಲ್ಲಿ ನಿಂತು ಯಾವ ಸರ್ವೆ ನಂಬರಿನಲ್ಲಿದ್ದೇವೆ ಎಂದು ಅಂದಾಜಿಸಲು ಸರ್ಕಾರದ ದಿಶಾಂಕ್ ಆ್ಯಪ್ ಸಹಾಯಕ್ಕೆ ಬರುತ್ತದೆ. ಅದು ಅಂದಾಜಿಗೆ ಮಾತ್ರ. ಗಡಿ ತಕರಾರಿಗೆ ಮೋಜಣಿ ನಕ್ಷೆಯೇ ಬೇಕು.

ಅಗಲೀಕರಣದ ರಸ್ತೆಯಾದರೆ ಇನ್ನೊಂದು ಪ್ರಶ್ನೆ ತಪ್ಪದೆ ಕೇಳಿ: ಅಳತೆ ಮಧ್ಯರೇಖೆಯಿಂದ ಎರಡೂ ಬದಿಗೆ ಸಮವೋ, ಒಂದೇ ಬದಿಗೋ? ಒಂದು ಬದಿ ಧರೆ, ಇನ್ನೊಂದು ಬದಿ ಹಳ್ಳ ಇರುವ ನಮ್ಮ ರಸ್ತೆಗಳಲ್ಲಿ "ಎರಡೂ ಬದಿಗೆ ಸಮ" ಎನ್ನುವುದು ಕಾಗದದ ಮೇಲೆ ಮಾತ್ರ ನಡೆಯುವ ಮಾತು.

ಹಂತ 3: ರಸ್ತೆ ಯಾರದ್ದೆಂದು ಪತ್ತೆ ಮಾಡಿ

ಅರ್ಜಿ ತಪ್ಪು ಕಚೇರಿಗೆ ಹೋದರೆ ಅಲ್ಲೇ ಮಲಗುತ್ತದೆ. ಕುಮಟಾದಿಂದ ದೇವಿಮನೆ ಘಟ್ಟ ಹತ್ತಿ ಶಿರಸಿಗೆ ಬಂದು ಹಾವೇರಿಗೆ ಹೋಗುವುದು ರಾಷ್ಟ್ರೀಯ ಹೆದ್ದಾರಿ 766ಇ. ಕಾರವಾರದಲ್ಲಿ ಊರಿಗೂ ಕಡಲತೀರಕ್ಕೂ ನಡುವೆ ಹಾಯುವುದು ಹೆದ್ದಾರಿ 66. ಅಂಕೋಲಾದಿಂದ ಯಲ್ಲಾಪುರದ ಮೇಲೆ ಹುಬ್ಬಳ್ಳಿಗೆ ಹೋಗುವುದು 52. ಇವುಗಳ ಅಗಲ, ದಾಟುದಾರಿ, ಮೇಲ್ಸೇತುವೆಯ ನಿರ್ಧಾರ ಹೆದ್ದಾರಿಯವರದ್ದು. ರಾಜ್ಯ ಹೆದ್ದಾರಿ ಮತ್ತು ಜಿಲ್ಲಾ ಮುಖ್ಯರಸ್ತೆ ಲೋಕೋಪಯೋಗಿ ಇಲಾಖೆಯದ್ದು, ಪೇಟೆಯ ಒಳರಸ್ತೆ ನಗರಸಭೆಯದ್ದು. ಇವೆಲ್ಲ ಒಂದೇ ನಕ್ಷೆಯಲ್ಲಿ ಕೂಡುವುದು ಮಾಸ್ಟರ್ ಪ್ಲ್ಯಾನಿನಲ್ಲಿ. ಆದ್ದರಿಂದ ಮೂಲ ಅರ್ಜಿ ಪ್ರಾಧಿಕಾರಕ್ಕೆ, ಒಂದೊಂದು ಪ್ರತಿ ರಸ್ತೆಯ ಒಡೆಯರಿಗೆ.

ಗಟ್ಟದ ಮೇಲಿನವರಿಗೆ ಒಂದು ಎಚ್ಚರಿಕೆ. ಬೈಪಾಸ್‌ಗೆ "ಊರಾಚೆ ಬೆಟ್ಟದ ಮೇಲೆ ಹಾಕಿ, ಯಾರ ಮನೆಯೂ ಹೋಗುವುದಿಲ್ಲ" ಎಂದು ಸಲಹೆ ಕೊಡುವವರು ಬಹಳ. ನಮ್ಮ ಸೊಪ್ಪಿನ ಬೆಟ್ಟಗಳು ತೋಟಿಗರ ಬಳಕೆಗೆ ಬಿಟ್ಟವೇ ಹೊರತು ದಾಖಲೆಯಲ್ಲಿ ಅರಣ್ಯ. ಅಲ್ಲಿ ರಸ್ತೆ ಮಾಡಲು 1980ರ ಅರಣ್ಯ ಸಂರಕ್ಷಣಾ ಕಾಯ್ದೆಯಂತೆ ಕೇಂದ್ರದ ಒಪ್ಪಿಗೆ ಬೇಕು. ಸಿಗುವುದೇ ಇಲ್ಲವೆಂದಲ್ಲ, ವರ್ಷಗಟ್ಟಲೆ ಹಿಡಿಯುತ್ತದೆ. ಅಷ್ಟು ಕಾಲವೂ ಗೆರೆ ನಕ್ಷೆಯಲ್ಲಿ ತೂಗುತ್ತಲೇ ಇರುತ್ತದೆ. ಗಟ್ಟದ ಕೆಳಗಿನವರಿಗೆ ಇದೇ ತಲೆನೋವು ಕರಾವಳಿ ನಿಯಂತ್ರಣ ವಲಯದ ಹೆಸರಿನಲ್ಲಿ ಬರುತ್ತದೆ. ಭರತದ ನೀರು ಮುಟ್ಟುವ ಗೆರೆಯ ಹತ್ತಿರ ಹೊಸ ರಸ್ತೆ ಕೇಳುವ ಮುಂಚೆ ಆ ವಲಯದ ನಕ್ಷೆಯನ್ನೂ ಪಕ್ಕದಲ್ಲಿಟ್ಟು ನೋಡಿ.

ಹಂತ 4: ನೀವೇ ಎಣಿಸಿ

ಇದಕ್ಕೆ ಸಮಯ ಕೊಡಿ. "ಇಲ್ಲಿ ಬಹಳ ಟ್ರಾಫಿಕ್ ಆಗುತ್ತದೆ" ಎಂಬ ವಾಕ್ಯ ಪ್ರತಿ ಅರ್ಜಿಯಲ್ಲೂ ಇರುತ್ತದೆ. "ಬೆಳಿಗ್ಗೆ 9ರಿಂದ 9.15ರೊಳಗೆ ಇಷ್ಟು ಮಕ್ಕಳು ಇಲ್ಲಿ ರಸ್ತೆ ದಾಟಿದರು" ಎಂಬ ವಾಕ್ಯ ಅಪರೂಪ. ಓದುವ ಅಧಿಕಾರಿ ನಿಲ್ಲುವುದು ಎರಡನೆಯದರ ಹತ್ತಿರ.

ಬೇಕಾದ್ದು ನಾಲ್ಕು ಜನ, ರಟ್ಟು, ಪೆನ್ಸಿಲ್, ಗಡಿಯಾರ. ಪೆನ್ ಬೇಡ, ಮಳೆಗೆ ಶಾಯಿ ಹರಡುತ್ತದೆ. ಹಾಳೆಯಲ್ಲಿ 15 ನಿಮಿಷಕ್ಕೊಂದು ಅಡ್ಡಸಾಲು. ಕಂಬಸಾಲುಗಳು ಹೀಗಿರಲಿ: ಬೈಕು-ಸ್ಕೂಟರ್, ಆಟೋ, ಕಾರು-ಜೀಪು, ಟೆಂಪೋ, ಬಸ್ಸು, ಲಾರಿ, ಸೈಕಲ್, ನಡೆಯುವವರು. ನಾಲ್ಕು ಗೀಟು ಹಾಕಿ ಐದನೆಯದನ್ನು ಅಡ್ಡ ಎಳೆಯುವ ಹಳೆಯ ಪದ್ಧತಿಯೇ ಸರಿ. ದಿಕ್ಕಿಗೊಬ್ಬರು ನಿಲ್ಲಿ. ರಸ್ತೆ ದಾಟುವವರನ್ನು ಎಣಿಸಲು ಬೇರೆಯೇ ಒಬ್ಬರಿರಲಿ. ಅವರನ್ನು ವಾಹನ ಎಣಿಸುವವರಿಗೇ ವಹಿಸಿದರೆ ಮೊದಲು ಬಿಟ್ಟುಹೋಗುವ ಲೆಕ್ಕ ಅದೇ.

ಯಾವ ದಿನ ಎಣಿಸಬೇಕು? ಒಂದು ಮಾಮೂಲಿ ವಾರದ ದಿನ, ಒಂದು ಸಂತೆಯ ದಿನ (ಕಾರವಾರದವರಿಗೆ ರವಿವಾರ), ಇನ್ನೊಂದು ಜುಲೈ ತಿಂಗಳ ಮಳೆಯ ದಿನ. ಸಮೀಕ್ಷೆಗಳು ಸಾಮಾನ್ಯವಾಗಿ ಬೇಸಿಗೆಯಲ್ಲಿ ಆಗುತ್ತವೆ, ಶಾಲೆಗೆ ರಜೆ ಇರುವಾಗ! ನಮ್ಮ ರಸ್ತೆಗಳ ನಿಜವಾದ ಅಗಲ ಗೊತ್ತಾಗುವುದು ಮಳೆಗಾಲದಲ್ಲಿ. ಬಿಚ್ಚಿದ ಕೊಡೆಗೆ ಹೆಚ್ಚುಕಡಿಮೆ ಒಂದು ಮೀಟರ್ ಜಾಗ ಬೇಕು. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾರ್ಗಸೂಚಿ ಕಾಲುದಾರಿಗೆ ಹೇಳುವ ಕನಿಷ್ಠ ಅಗಲ 1.8 ಮೀಟರ್. ಎದುರಾಬದುರಾಗಿ ಎರಡು ಕೊಡೆ ಬಂದರೆ ಒಬ್ಬರು ಕೊಡೆ ಎತ್ತಬೇಕು, ಇಲ್ಲವೇ ಗಟಾರದ ಕಲ್ಲಿನ ಮೇಲೆ ಕಾಲಿಡಬೇಕು. ಒಮ್ಮೆ ಹೀಗೆ ಎಣಿಸಲು ನಿಂತಿದ್ದಾಗ ನನಗೆ ಕಂಡದ್ದು ಇಷ್ಟೇ: ಯಾರೂ ಕೊಡೆ ಎತ್ತಲಿಲ್ಲ, ಎಲ್ಲರೂ ಡಾಂಬರಿಗೇ ಇಳಿದರು. ಆ ದಿನ ನನ್ನ ಹಾಳೆಯಲ್ಲಿ "ಕಾಲುದಾರಿಯಿಂದ ಇಳಿದವರು" ಎಂಬ ಹೊಸ ಕಂಬಸಾಲು ಸೇರಿತು. ನೀವು ಅದನ್ನು ಮೊದಲೇ ಹಾಕಿಕೊಳ್ಳಿ.

ಎಣಿಕೆ ಮುಗಿದ ಮೇಲೆ ವರದಿಯ ಸಂಚಾರ ಅಧ್ಯಾಯ ತೆರೆದರೆ "ಪಿಸಿಯು" ಎಂಬ ಅಕ್ಷರ ಎದುರಾಗುತ್ತದೆ. ಎಲ್ಲ ವಾಹನಗಳನ್ನೂ ಕಾರಿನ ಲೆಕ್ಕಕ್ಕೆ ತಂದು ಅಳೆಯುವ ಪದ್ಧತಿ ಅದು. ಕಾರು 1. ನಗರದ ರಸ್ತೆಯಲ್ಲಿ ಬೈಕು 0.5ರಿಂದ 0.75, ಬಸ್ಸು 2.2ರಿಂದ 3.7, ಒಟ್ಟು ಸಂಚಾರದಲ್ಲಿ ಅವುಗಳ ಪಾಲಿಗೆ ತಕ್ಕಂತೆ. ಈ ಲೆಕ್ಕ ರಸ್ತೆ ಎಷ್ಟು ತುಂಬಿದೆ ಎಂದು ಹೇಳುತ್ತದೆ, ಎಷ್ಟು ಜನ ಹೋದರು ಎಂದು ಹೇಳುವುದಿಲ್ಲ. 50 ಜನ ಒಬ್ಬೊಬ್ಬರೇ ಬೈಕಿನಲ್ಲಿ ಹೋದರೆ 37.5 ಪಿಸಿಯು ಆದೀತು. ಅದೇ 50 ಜನ ಒಂದು ಬಸ್ಸಿನಲ್ಲಿ ಹೋದರೆ ಹೆಚ್ಚೆಂದರೆ 3.7. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದ ಮೇಲೆ ಬಸ್ಸಿಗೆ ಕಾಯುವ ಹೆಂಗಸರು ಎಷ್ಟು ಹೆಚ್ಚಿದ್ದಾರೆಂದು ನಿಮ್ಮ ಬಸ್‌ಸ್ಟಾಪಿನಲ್ಲೇ ಕಾಣುತ್ತದೆ. ಹಾಗಾಗಿ ನಿಮ್ಮ ಹಾಳೆಯಲ್ಲಿ ವಾಹನದ ಜೊತೆ ಜನರ ಅಂದಾಜೂ ಇರಲಿ. ಜನರನ್ನು ಸಾಗಿಸುವುದು ಮುಖ್ಯ, ವಾಹನಗಳನ್ನಲ್ಲ ಎಂದು 2006ರ ರಾಷ್ಟ್ರೀಯ ನಗರ ಸಾರಿಗೆ ನೀತಿಯೇ ಹೇಳಿದೆ. ಅರ್ಜಿಯಲ್ಲಿ ಅದನ್ನು ಉಲ್ಲೇಖಿಸಿ.

ಹಂತ 5: ಅರ್ಜಿಗೆ ಬರದವರ ಮಾತು ಕೇಳಿ

ಸಭೆಗೆ ಬರುವವರು ಹೆಚ್ಚಾಗಿ ಅಂಗಡಿಕಾರರು, ನಿವೃತ್ತರು. ಬೈತಖೋಲ ಬಂದರಿನಿಂದ ಬುಟ್ಟಿ ಹೊತ್ತು ಬರುವ ಮೀನು ಮಾರುವ ಹೆಂಗಸರು ಬರುವುದಿಲ್ಲ, ಸಭೆ ಇರುವುದೇ ಅವರ ವ್ಯಾಪಾರದ ಹೊತ್ತಿಗೆ. ಕೊನೆಯ ಬಸ್ಸು ತಪ್ಪಿದರೆ ಊರು ಸೇರಲಾಗದ ಕಾಲೇಜು ಹುಡುಗಿಯರೂ ಬರುವುದಿಲ್ಲ. ಅವರಿದ್ದಲ್ಲಿಗೆ ನೀವೇ ಹೋಗಿ. "ಸಮಸ್ಯೆ ಏನು" ಎಂದು ಕೇಳಬೇಡಿ, "ನಿನ್ನೆ ಮನೆಯಿಂದ ಇಲ್ಲಿಗೆ ಹೇಗೆ ಬಂದಿರಿ" ಎಂದು ಕೇಳಿ. ಸಮಸ್ಯೆ ತಾನಾಗಿ ಹೊರಬೀಳುತ್ತದೆ. ಹಳ್ಳಿಗಳವರು ಗ್ರಾಮಸಭೆಯಲ್ಲಿ ಠರಾವು ಮಾಡಿಸಿ ಅರ್ಜಿಗೆ ಲಗತ್ತಿಸಿದರೆ ಒಳ್ಳೆಯದು.

ಹಂತ 6: ಅರ್ಜಿ ಬರೆಯುವುದು

ಒಂದು ಅರ್ಜಿಗೆ ಒಂದೇ ಜಾಗ. ಎಲ್ಲಿ, ಈಗ ಏನಿದೆ, ಕರಡಿನಲ್ಲಿ ಏನಿದೆ, ಏನಾಗಬೇಕು, ಏಕೆ. ಈ ಐದೂ ಒಂದು ಪುಟದೊಳಗೆ ಮುಗಿಯಬೇಕು. ನಮೂನೆ ನೋಡಿ:

"ಮಾನ್ಯರೇ, ವಿಷಯ: ಕರಡು ಮಹಾ ಯೋಜನೆಯ ಉದ್ದೇಶಿತ ಭೂಬಳಕೆ ನಕ್ಷೆಯಲ್ಲಿ ಸರ್ವೆ ನಂಬರ್ ___ರಿಂದ ___ರವರೆಗಿನ ರಸ್ತೆಯ ಬಗ್ಗೆ ಆಕ್ಷೇಪಣೆ ಮತ್ತು ಸಲಹೆ. ಈ ರಸ್ತೆಯ ಹಾಲಿ ಅಗಲ ಮೂರು ಕಡೆ ಅಳೆದಾಗ ___, ___, ___ ಮೀಟರ್ ಇರುತ್ತದೆ. ಕರಡಿನಲ್ಲಿ ___ ಮೀಟರ್ ತೋರಿಸಲಾಗಿದೆ. ಪೂರ್ವದ ಬದಿಗೆ ಹಳ್ಳವಿದ್ದು ಮಳೆಗಾಲದಲ್ಲಿ ನೀರು ಮೋರಿಯ ಮೇಲೆ ಹರಿಯುತ್ತದೆ (ಫೋಟೋ 1, ದಿನಾಂಕ ಸಹಿತ). ಅಗಲೀಕರಣದಲ್ಲಿ ಹಳ್ಳದ ಪಾತ್ರ ಕಿರಿದಾಗದಂತೆ ಹಾಗೂ ಪಶ್ಚಿಮದ ಬದಿಗೆ ಕನಿಷ್ಠ 1.8 ಮೀಟರ್ ಕಾಲುದಾರಿ ಬರುವಂತೆ ರಸ್ತೆಯ ಅಡ್ಡಕೊಯ್ತವನ್ನು ಬದಲಿಸಬೇಕೆಂದು ಕೋರುತ್ತೇವೆ. ಎಣಿಕೆಯ ಹಾಳೆ, ಕೈನಕ್ಷೆ ಲಗತ್ತಿಸಿದೆ. ಖುದ್ದಾಗಿ ಅಹವಾಲು ಹೇಳಿಕೊಳ್ಳಲು ಅವಕಾಶ ಕೊಡಬೇಕು."

ಅಡ್ಡಕೊಯ್ತ ಅಂದರೆ ರಸ್ತೆಯನ್ನು ಅಡಿಕೆ ಕೊಯ್ದಂತೆ ಅಡ್ಡಲಾಗಿ ಕೊಯ್ದರೆ ಕಾಣುವ ಚಿತ್ರ: ಗಟಾರ ಎಷ್ಟು, ಕಾಲುದಾರಿ ಎಷ್ಟು, ಡಾಂಬರು ಎಷ್ಟು. ಜಗಳವೆಲ್ಲ ಒಟ್ಟು ಅಗಲದ ಮೇಲೆ ನಡೆಯುತ್ತದೆ, ಅದರೊಳಗಿನ ಪಾಲಿನ ಬಗ್ಗೆ ಕೇಳುವವರು ಕಡಿಮೆ. ನೀವು ಕೇಳಿ.

ತಪ್ಪುಗಳು ಕೆಲವು. ಒಂದೇ ಪತ್ರವನ್ನು ಜೆರಾಕ್ಸ್ ಮಾಡಿ ಇನ್ನೂರು ಜನ ಸಹಿ ಹಾಕಿ ಕೊಡುವುದು: ಓದುವವರಿಗೆ ಅದು ಒಂದೇ ಆಕ್ಷೇಪಣೆ. ಬೇರೆ ಬೇರೆ ಜಾಗದ ಬಗ್ಗೆ ಬೇರೆ ಬೇರೆ ಕೈಯ ಹತ್ತು ಪತ್ರಗಳು ಹೆಚ್ಚು ತೂಗುತ್ತವೆ. "ಬೈಪಾಸ್ ಬೇಡವೇ ಬೇಡ" ಎಂದಷ್ಟೇ ಬರೆಯುವುದು ಇನ್ನೊಂದು. ಬೇಡವಾದರೆ ಲಾರಿ ಎಲ್ಲಿ ಹೋಗಬೇಕು ಎನ್ನುವುದಕ್ಕೂ ನಿಮ್ಮ ಬಳಿ ಒಂದು ಸಾಲಿನ ಉತ್ತರ ಇರಲಿ. ಮತ್ತೆ ಯೋಜನೆಗೆ ಸಂಬಂಧವೇ ಇಲ್ಲದ ಹೊಂಡ ಮುಚ್ಚಿ, ಬೀದಿದೀಪ ಹಾಕಿ ಎಂಬ ಬೇಡಿಕೆಗಳು. ಅವು ನಗರಸಭೆಗೆ ಸೇರಿದವು, ಇಲ್ಲಿ ಬೆರೆಸಿದರೆ ಮುಖ್ಯ ಮಾತು ಮುಳುಗುತ್ತದೆ.

ನಮ್ಮ ಜಿಲ್ಲೆಯವರು ಮರೆಯಬಾರದ ಎರಡು ಅಂಶ. ಮೊದಲನೆಯದು ಬದಲಿ ದಾರಿ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ 66 ಮುಚ್ಚಿತು. ಮೂರು ವಾರ ಕಳೆದು ಆಗಸ್ಟ್ 7ರ ನಸುಕಿನಲ್ಲಿ ಕಾರವಾರ-ಸದಾಶಿವಗಡ ನಡುವಿನ ಕಾಳಿ ನದಿಯ ಹಳೆಯ ಸೇತುವೆ ಕುಸಿದು, ಗೋವಾ ಕಡೆಯ ವಾಹನವೆಲ್ಲ ಹೊಸ ಸೇತುವೆಯೊಂದರ ಮೇಲೇ ಬಂತು. ಮುಖ್ಯ ದಾರಿ ನಿಂತರೆ ಆಂಬುಲೆನ್ಸು ಯಾವ ಒಳರಸ್ತೆಯಲ್ಲಿ ಹೋಗಬೇಕು ಎಂದು ಯೋಜನೆಯಲ್ಲೇ ಗುರುತಿಸಲು ಕೇಳಿ. ಎರಡನೆಯದು ಜಾತ್ರೆ. ಶಿರಸಿಯಲ್ಲಿ ಎರಡು ವರ್ಷಕ್ಕೊಮ್ಮೆ ಮಾರಿಕಾಂಬೆ ಬಿಡ್ಕಿಬೈಲಿನ ಗದ್ದುಗೆಗೆ ಬಂದಾಗ ಪೇಟೆಯ ನಟ್ಟನಡುವೆ ವಾಹನಕ್ಕೆ ಎಡೆಯಿಲ್ಲ. ಆ ದಿನಗಳಲ್ಲಿ ಬಸ್ಸು ಎಲ್ಲಿ ನಿಲ್ಲಬೇಕು, ವಾಹನ ಎಲ್ಲಿ ನಿಲ್ಲಿಸಬೇಕು ಎಂಬುದಕ್ಕೆ ಬಯಲು ಜಾಗ ಈಗಲೇ ಕಾಯ್ದಿರಿಸದಿದ್ದರೆ ಮುಂದೆ ಅಲ್ಲೆಲ್ಲ ಲೇಔಟ್ ಎದ್ದಿರುತ್ತದೆ.

ಹಂತ 7: ಕೊಡುವುದು, ಬೆನ್ನು ಹತ್ತುವುದು

ಎರಡು ಪ್ರತಿ ಒಯ್ಯಿರಿ. ಒಂದನ್ನು ಕೊಟ್ಟು ಇನ್ನೊಂದರ ಮೇಲೆ ಮೊಹರು, ದಿನಾಂಕ, ಇನ್‌ವರ್ಡ್ ನಂಬರ್ ಹಾಕಿಸಿಕೊಳ್ಳಿ. "ಇಟ್ಟು ಹೋಗಿ, ನೋಡ್ತೇವೆ" ಎಂದರೆ ಇಟ್ಟು ಬರಬೇಡಿ. ದೂರದವರು ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ ರಸೀದಿ ಜೋಪಾನ ಮಾಡಿ. ಸಭೆಯಲ್ಲಿ ಬಾಯಿಮಾತಿನಲ್ಲಿ ಹೇಳಿದ್ದು, ವೇದಿಕೆಯ ಮೇಲಿನವರು ತಲೆ ಅಲ್ಲಾಡಿಸಿದ್ದು ಯಾವುದೂ ದಾಖಲೆಯಲ್ಲ. ಹೇಳಿದ್ದನ್ನೇ ಮರುದಿನ ಬರೆದು ಕೊಡಿ.

ಅವಧಿ ಮುಗಿದು ಒಂದೆರಡು ತಿಂಗಳಾದ ಮೇಲೆ ನಿಮ್ಮ ಅರ್ಜಿಯ ಮೇಲೆ ಪ್ರಾಧಿಕಾರ ಏನು ಶಿಫಾರಸು ಮಾಡಿತು ಎಂದು ಮಾಹಿತಿ ಹಕ್ಕಿನಲ್ಲಿ ಕೇಳಿ. ಇನ್‌ವರ್ಡ್ ನಂಬರ್ ಕೆಲಸಕ್ಕೆ ಬರುವುದು ಆಗ. "ತಿರಸ್ಕರಿಸಿದೆ" ಎಂದು ಬಂದರೆ ಕಾರಣದ ಟಿಪ್ಪಣಿಯ ನಕಲೂ ಕೇಳಿ.

ಹಂತ 8: ಅಂತಿಮ ಯೋಜನೆ ಬಂದ ಮೇಲೆ

ನಿಮ್ಮ ಜಾಗವಿರುವ ಭಾಗದ ದೃಢೀಕೃತ ನಕಲು ಪಡೆಯಿರಿ. ಕರಡಿಗೂ ಅಂತಿಮಕ್ಕೂ ಗೆರೆ ಜರುಗಿರಬಹುದು, ನಿಮ್ಮ ಕಡೆಗೂ ಜರುಗಿರಬಹುದು. ರಾಜ್ಯಪತ್ರದಲ್ಲಿ ಅದು ಪ್ರಕಟವಾದ ದಿನಾಂಕವನ್ನು ನಕಲಿನ ಮೇಲೆಯೇ ಬರೆದಿಡಿ. ಕಾರಣ ಕಲಂ 69: ಸಾರ್ವಜನಿಕ ಉದ್ದೇಶಕ್ಕೆಂದು ಗುರುತಿಸಿದ ಜಾಗವನ್ನು ಆ ದಿನದಿಂದ 5 ವರ್ಷದೊಳಗೆ ಒಪ್ಪಂದದ ಮೂಲಕ ಪಡೆಯದೆ, ಭೂಸ್ವಾಧೀನವನ್ನೂ ಶುರುಮಾಡದೆ ಬಿಟ್ಟರೆ ಆ ಗುರುತು ರದ್ದಾದಂತೆ. ತಾನಾಗಿ ಯಾರೂ ಬಂದು ಇದನ್ನು ಹೇಳುವುದಿಲ್ಲ. ನೀವೇ ಅರ್ಜಿ ಹಾಕಬೇಕು, ಆ ಹೊತ್ತಿಗೆ ಒಬ್ಬ ವಕೀಲರನ್ನು ಕಾಣುವುದು ಒಳ್ಳೆಯದು.

ಅಗಲೀಕರಣಕ್ಕೆ ಜಾಗ ಬಿಟ್ಟುಕೊಡಿ ಎಂದು ಯಾರಾದರೂ ಮನೆಗೆ ಬಂದರೆ ಸಹಿಗೆ ಮೊದಲು ಮೂರು ಸಂಗತಿ ಬರಹದಲ್ಲಿ ಕೇಳಿ: ಎಷ್ಟು ಗುಂಟೆ, ಯಾವ ಕಾಯ್ದೆಯಡಿ, ಪರಿಹಾರ ಹಣವೋ ಅಭಿವೃದ್ಧಿ ಹಕ್ಕಿನ ಪತ್ರವೋ. ಎರಡನೆಯದು ಅಂದರೆ ಟಿಡಿಆರ್. ಬಿಟ್ಟ ಜಾಗದ ಬದಲಿಗೆ ಬೇರೆಡೆ ಹೆಚ್ಚು ಕಟ್ಟುವ ಹಕ್ಕು ಕೊಡುತ್ತಾರೆ, ಅದನ್ನು ಮಾರಲೂಬಹುದು. ಆದರೆ ಐದು ಮಾಳಿಗೆ ಕಟ್ಟುವವರೇ ವಿರಳವಾದ ಊರಿನಲ್ಲಿ ಅದನ್ನು ಕೊಳ್ಳುವವರು ಯಾರೆಂದು ಮೊದಲೇ ವಿಚಾರಿಸಿಕೊಳ್ಳಿ.